ಯಾವ ಸೂಜಿ ಅಂತ ಕೇಳುವ ಮೊದಲು

ಬೆಳಿಗ್ಗೆ ಮಂಕಿಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ, ಮೀನಿನ ಬುಟ್ಟಿ ಕೆಳಗಿಳಿಸಿ ಕೂತಿದ್ದ ಅಕ್ಕ ಒಬ್ಬರು ನಮ್ಮನ್ನು ಕರೆದರು. "ನೀವು ಪೇಪರಿಗೆ ಬರೂಕೆ ಓದ್ದವ್ರಲ್ಲಾ, ಒಂದು ಮಾತು ಹೇಳಿ. ಕುತ್ಗಿ ತಿರುಗ್ಸೂಕೇ ಆಗೂದಿಲ್ಲ. ಸೂಜಿ ಚುಚ್ತ್ರಂತಲ್ಲ, ಅದ್ರಲ್ಲಿ ಯಾವ್ದು ಒಳ್ಳೇದು?"

ಅವರಿಗೆ ಮೂವರು ಮೂರು ಮಾತು ಹೇಳಿದ್ದರು. ಪಕ್ಕದ ಮನೆಯವರು ಶಿಬಿರದಲ್ಲಿ ಚೀನಾದ ಸೂಜಿ ಹಾಕಿಸಿಕೊಂಡು ಬಂದಿದ್ದರು. ಉಡುಪಿ ಕಡೆ ಕೆಲಸಕ್ಕೆ ಹೋಗುವ ಅಳಿಯ, ಅದಲ್ಲ, ಫಿಸಿಯೋಥೆರಪಿಯವರು ಹಾಕುವ ಸೂಜಿಯೇ ಬೇರೆ, ಅದನ್ನೇ ಹಾಕಿಸಿ ಎಂದಿದ್ದ. ಇನ್ನೊಬ್ಬರು, ಸೂಜಿಗೆ ಕರೆಂಟ್ ಕೊಟ್ಟರೆ ಮಾತ್ರ ನೋವು ಬೇರು ಸಮೇತ ಹೋಗುತ್ತದೆ ಎಂದಿದ್ದರು. ಹತ್ತು ಸಲದ ಪ್ಯಾಕೇಜ್ ಅಂತೆ. ದುಡ್ಡು ಮುಂಗಡ. ಸಂಘದಲ್ಲಿ ಸಾಲ ತೆಗೆಯುವ ಯೋಚನೆಯಲ್ಲಿದ್ದರು ಅಕ್ಕ.

ನಮ್ಮ ಗುಂಪಿನಲ್ಲಿ ಯಾರೂ ಡಾಕ್ಟರಲ್ಲ. ಪತ್ರಿಕೋದ್ಯಮ ಓದಿ ಊರಿಗೆ ಬಂದವರು. ಹಾಗಾಗಿ ಯಾರಿಗೂ ಇಂಥದೇ ಚಿಕಿತ್ಸೆ ಮಾಡಿಸಿ ಎಂದು ಹೇಳುವ ಹಕ್ಕು ನಮಗಿಲ್ಲ. ಆದರೆ ಓದಿ, ಕೇಳಿ, ತಿಳಿದದ್ದನ್ನು ಊರಿನವರ ಮುಂದಿಡುವುದು ನಮ್ಮ ಕೆಲಸ. ನಮಗೆ ಅನ್ನಿಸಿದ್ದನ್ನು ಮೊದಲೇ ಹೇಳಿಬಿಡುತ್ತೇವೆ. ಸೂಜಿ ಚಿಕಿತ್ಸೆ ಬರೀ ಸುಳ್ಳಲ್ಲ. ಆದರೆ ಯಾವ ಸೂಜಿ ಎನ್ನುವುದಕ್ಕಿಂತ, ಅದನ್ನು ಯಾರು ಹಿಡಿದಿದ್ದಾರೆ, ಚುಚ್ಚಿಸಿಕೊಂಡು ಮನೆಗೆ ಬಂದ ಮೇಲೆ ನೀವೇನು ಮಾಡುತ್ತೀರಿ ಎನ್ನುವುದೇ ದೊಡ್ಡ ಪ್ರಶ್ನೆ.

ನೋವು ಎಲ್ಲಿಂದ ಬರುತ್ತದೆ

ತಲೆಬುರುಡೆಯ ಹಿಂಬದಿಯಿಂದ ಹೊರಟು, ಎರಡೂ ಹೆಗಲಿಗೆ ಹರಡಿ, ಬೆನ್ನಿನ ನಡುವಿನವರೆಗೆ ಇಳಿಯುವ ಒಂದು ದೊಡ್ಡ ಸ್ನಾಯು ಇದೆ. ಅದಕ್ಕೆ ಟ್ರಪೀಜಿಯಸ್ ಎನ್ನುತ್ತಾರೆ. ತಲೆಯ ಮೇಲೆ ಹೊರೆ ಹೊತ್ತಾಗ, ತಲೆ ಬಗ್ಗಿಸಿ ಅಡಿಕೆ ಸುಲಿಯುವಾಗ, ಬಲೆ ಎಳೆಯುವಾಗ, ಹೊಲಿಗೆ ಯಂತ್ರದ ಮುಂದೆ ಕೂತಾಗ ಇದಕ್ಕೆ ಬಿಡುವೇ ಇಲ್ಲ. ಗಂಟೆಗಟ್ಟಲೆ ಬಿಗಿದುಕೊಂಡೇ ಇದ್ದರೆ ಅದರಲ್ಲಿ ಅಲ್ಲಲ್ಲಿ ಹುರಿಗಟ್ಟಿದ ಹಾಗೆ ಆಗುತ್ತದೆ. ಹೆಗಲ ಮೇಲೆ ಬೆರಳಿಟ್ಟು ಒತ್ತಿದರೆ ಕೈಗೆ ಸಿಗುವ ಗಂಟು ಅದೇ. ಅಲ್ಲಿ ಒತ್ತಿದರೆ ನೋವು ಕಿವಿಯ ಹಿಂದೆ, ಕೆನ್ನೆಯ ಮೇಲ್ಭಾಗಕ್ಕೆ, ಕೆಲವರಿಗೆ ತೋಳಿಗೂ ಹೊಡೆಯುತ್ತದೆ.

ಈ ನೋವಿನ ಗಂಟುಗಳ ನಕ್ಷೆಯನ್ನೇ ಬರೆದವರು ಅಮೆರಿಕದ ವೈದ್ಯೆ ಜಾನೆಟ್ ಟ್ರಾವೆಲ್. ಅಧ್ಯಕ್ಷ ಕೆನಡಿಯವರ ಬೆನ್ನುನೋವಿಗೆ ಚಿಕಿತ್ಸೆ ಕೊಟ್ಟವರೂ ಅವರೇ. ಡೇವಿಡ್ ಸೈಮನ್ಸ್ ಜೊತೆ ಸೇರಿ ಅವರು ಬರೆದ ಪುಸ್ತಕ 1983ರಲ್ಲಿ ಬಂತು. ಗಂಟು ನಿಜಕ್ಕೂ ಹೇಗೆ ಕಟ್ಟುತ್ತದೆ ಎಂಬ ಬಗ್ಗೆ ವೈದ್ಯರಲ್ಲಿ ಇನ್ನೂ ವಾದ ಇದೆ. ನೋವು ಇದೆ ಎಂಬುದರಲ್ಲಿ ಮಾತ್ರ ಯಾರಿಗೂ ಅನುಮಾನ ಇಲ್ಲ.

ನೀವು ಈಗ ಇದನ್ನು ಫೋನಿನಲ್ಲಿ ಓದುತ್ತಿದ್ದೀರಿ. ಒಂದು ಕ್ಷಣ ನಿಮ್ಮ ಕುತ್ತಿಗೆ ಎಷ್ಟು ಬಗ್ಗಿದೆ ನೋಡಿಕೊಳ್ಳಿ. ತಲೆಯ ತೂಕ ನಾಲ್ಕೈದು ಕಿಲೋ. ತುಂಬಿದ ಕೊಡವನ್ನು ಸೊಂಟಕ್ಕೆ ಒತ್ತಿ ಹಿಡಿದರೆ ಹಗುರ, ಅದೇ ಕೊಡವನ್ನು ಕೈ ಚಾಚಿ ಹಿಡಿದರೆ ಭಾರ. ತಲೆ ಮುಂದೆ ಬಾಗಿದಷ್ಟೂ ಹೆಗಲಿಗೆ ಆಗುವುದು ಅದೇ ಗತಿ. ಫೋನನ್ನು ಕಣ್ಣಿನ ಮಟ್ಟಕ್ಕೆ ಎತ್ತಿಕೊಂಡು ಮುಂದೆ ಓದಿ.

ಸೂಜಿಗಳಲ್ಲಿ ಏನು ವ್ಯತ್ಯಾಸ

ಮೊದಲನೆಯದು ಚೀನಾ ಮೂಲದ ಅಕ್ಯುಪಂಕ್ಚರ್. ಕೂದಲಿನಷ್ಟು ಸಪೂರದ ಗಟ್ಟಿ ಸೂಜಿ. ಇಂಜೆಕ್ಷನ್ ಸೂಜಿಯ ಹಾಗೆ ಒಳಗೆ ತೂತು ಇರುವುದಿಲ್ಲ, ಔಷಧಿಯೂ ಹೋಗುವುದಿಲ್ಲ. ಹೆಗಲಿಗೆ ನೋವಿದ್ದರೂ ಕೈಯಲ್ಲಿ, ಕಾಲಲ್ಲಿ ಕೂಡ ಚುಚ್ಚುತ್ತಾರೆ. ಇಪ್ಪತ್ತು ಮೂವತ್ತು ನಿಮಿಷ ಹಾಗೇ ಬಿಡುತ್ತಾರೆ. ಮೈಯಲ್ಲಿ ಜೀವಶಕ್ತಿ ಹರಿಯುವ ದಾರಿಗಳಿವೆ, ಅವುಗಳ ಅಡ್ಡಿ ತೆಗೆಯುತ್ತೇವೆ ಎಂಬುದು ಅವರ ಶಾಸ್ತ್ರ.

ಎರಡನೆಯದು ಡ್ರೈ ನೀಡ್ಲಿಂಗ್. ಸೂಜಿ ಹೆಚ್ಚುಕಡಿಮೆ ಅದೇ, ಲೆಕ್ಕಾಚಾರ ಬೇರೆ. ಇಲ್ಲಿ ಶಕ್ತಿಯ ದಾರಿಗಳ ಮಾತಿಲ್ಲ. ಗಂಟು ಎಲ್ಲಿದೆಯೋ ಅಲ್ಲಿಗೇ ನೇರ ಚುಚ್ಚುತ್ತಾರೆ. ಸರಿಯಾದ ಜಾಗಕ್ಕೆ ತಾಗಿದರೆ ಸ್ನಾಯು ಪಟಕ್ಕನೆ ಅದುರುತ್ತದೆ. ಒಂದೆರಡು ದಿನ ಮೈಕೈ ನೋವು ಇರುತ್ತದೆ. ಔಷಧಿ ಇಲ್ಲದ ಬರೀ ಸೂಜಿಯಿಂದಲೂ ಇಂಥ ನೋವು ಇಳಿಯುತ್ತದೆ ಎಂದು ಚೆಕ್ ದೇಶದ ವೈದ್ಯ ಕಾರೆಲ್ ಲೆವಿಟ್ 1979ರಲ್ಲಿ ಬರೆದ ಮೇಲೆ ಇದಕ್ಕೆ ಬಲ ಬಂತು. ಇದನ್ನು ಹೆಚ್ಚಾಗಿ ಮಾಡುವವರು ಫಿಸಿಯೋಥೆರಪಿಸ್ಟರು.

ಮೂರನೆಯದು ಎಲೆಕ್ಟ್ರೋ ಅಕ್ಯುಪಂಕ್ಚರ್. ಚುಚ್ಚಿದ ಸೂಜಿಗಳಿಗೆ ಸಣ್ಣ ಯಂತ್ರದಿಂದ ಮೆಲ್ಲಗೆ ಕರೆಂಟ್ ಹರಿಸುತ್ತಾರೆ. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಇದರಿಂದ ದೂರ ಇರಬೇಕು.

ಇವಲ್ಲದೆ ಸೂಜಿಯೇ ಇಲ್ಲದ ಲೇಸರ್ ಇದೆ, ಬೆರಳಿನಿಂದ ಒತ್ತುವ ಅಕ್ಯುಪ್ರೆಷರ್ ಇದೆ. ನಮ್ಮ ಕರಾವಳಿಯಲ್ಲಿ ಕೆಲವರು ಮಾಡಿಸುವ ಹಿಜಾಮಾ, ಅಂದರೆ ಬಟ್ಟಲಿಟ್ಟು ರಕ್ತ ತೆಗೆಯುವುದು, ಅಕ್ಯುಪಂಕ್ಚರ್ ಅಲ್ಲ. ಅದು ಬೇರೆಯೇ ಪದ್ಧತಿ. ಹಾಗೆಯೇ ಡಾಕ್ಟರರು ಗಂಟಿಗೆ ಮರಗಟ್ಟಿಸುವ ಔಷಧಿಯ ಇಂಜೆಕ್ಷನ್ ಕೊಡುವುದೂ ಬೇರೆ.

ಪ್ರಯೋಗಗಳು ಏನು ಹೇಳಿದವು

ಇದನ್ನು ಸ್ವಲ್ಪ ತಾಳ್ಮೆಯಿಂದ ಓದಿ. ಪ್ಯಾಕೇಜ್ ಮಾರುವವರು ಈ ಭಾಗವನ್ನು ಹೇಳುವುದಿಲ್ಲ.

ಸೂಜಿಯನ್ನು ಪರೀಕ್ಷೆ ಮಾಡುವಾಗ ಸಂಶೋಧಕರು ಒಂದು ಉಪಾಯ ಮಾಡುತ್ತಾರೆ. ಕೆಲವರಿಗೆ ಶಾಸ್ತ್ರ ಹೇಳಿದ ಜಾಗದಲ್ಲೇ ಚುಚ್ಚುತ್ತಾರೆ. ಕೆಲವರಿಗೆ ಹೇಳದೇ ಬೇರೆ ಜಾಗದಲ್ಲಿ, ಮೇಲೆಮೇಲೆ ಚುಚ್ಚುತ್ತಾರೆ. ಇದನ್ನು ಹುಸಿ ಸೂಜಿ ಎನ್ನೋಣ. ಜರ್ಮನಿಯಲ್ಲಿ ಸೊಂಟನೋವಿನ 1,162 ಜನರ ಮೇಲೆ ಹೀಗೆ ಮಾಡಿದ ಪ್ರಯೋಗ 2007ರಲ್ಲಿ ಪ್ರಕಟವಾಯಿತು. ನಿಜ ಸೂಜಿಯವರಲ್ಲಿ ನೂರಕ್ಕೆ ಸುಮಾರು 48 ಜನರಿಗೆ, ಹುಸಿ ಸೂಜಿಯವರಲ್ಲಿ 44 ಜನರಿಗೆ, ಮಾತ್ರೆ ಮತ್ತು ವ್ಯಾಯಾಮದ ಸಾಮಾನ್ಯ ಚಿಕಿತ್ಸೆಯವರಲ್ಲಿ 27 ಜನರಿಗೆ ಗುಣ ಕಂಡಿತು. ಅಂದರೆ ಸೂಜಿಯಿಂದ ಗುಣ ಆಯಿತು. ಆದರೆ ಎಲ್ಲಿ ಚುಚ್ಚಿದರು ಎಂಬುದರಿಂದ ಅಂಥ ವ್ಯತ್ಯಾಸ ಆಗಲಿಲ್ಲ.

ಹೆಗಲಿನ ಲೆಕ್ಕ ಬೇರೆಯೇ ಬಂತು. ಅದೇ ಜರ್ಮನಿಯಲ್ಲಿ ಹಳೆಯ ಭುಜನೋವಿನ 424 ಜನರ ಪ್ರಯೋಗ 2010ರಲ್ಲಿ ಪ್ರಕಟವಾಯಿತು. ಹದಿನೈದು ಸಲದ ಚಿಕಿತ್ಸೆ ಮುಗಿದು ಮೂರು ತಿಂಗಳಾದ ಮೇಲೆ ನಿಜ ಸೂಜಿಯವರಲ್ಲಿ ನೂರಕ್ಕೆ 65 ಜನ ಸುಧಾರಿಸಿದ್ದರು. ಹುಸಿ ಸೂಜಿಯವರಲ್ಲಿ 24, ಸಾಮಾನ್ಯ ಚಿಕಿತ್ಸೆಯವರಲ್ಲಿ 37. ಹಾಗಾಗಿ ಸೂಜಿ ಎಲ್ಲಾ ಬರೀ ನಂಬಿಕೆ ಎಂದು ನಗುವುದೂ ಸರಿಯಲ್ಲ. 2018ರಲ್ಲಿ 39 ಪ್ರಯೋಗಗಳ 20,827 ರೋಗಿಗಳ ಲೆಕ್ಕವನ್ನು ಒಟ್ಟು ಸೇರಿಸಿ ನೋಡಿದಾಗಲೂ ಹಳೆಯ ನೋವುಗಳಿಗೆ ನಿಜ ಸೂಜಿ ಹುಸಿ ಸೂಜಿಗಿಂತ ಮೇಲೆಂದೇ ಕಂಡಿತು. ಆದರೆ ಆ ಅಂತರ ಸಣ್ಣದು.

ಈಗ ಕುತ್ತಿಗೆಗೆ ಬರೋಣ. ಇಂಗ್ಲೆಂಡಿನ ಯಾರ್ಕ್‌ನವರು ನಡೆಸಿದ ಪ್ರಯೋಗ 2015ರಲ್ಲಿ ಬಂತು. ಹಳೆಯ ಕುತ್ತಿಗೆನೋವಿನ 517 ಜನ. ಒಂದು ಗುಂಪಿಗೆ ಹನ್ನೆರಡು ಸಲದವರೆಗೆ ಅಕ್ಯುಪಂಕ್ಚರ್. ಇನ್ನೊಂದು ಗುಂಪಿಗೆ ಸೂಜಿಯೇ ಇಲ್ಲ. ಹೇಗೆ ಕೂರಬೇಕು, ಹೇಗೆ ನಿಲ್ಲಬೇಕು, ಕುತ್ತಿಗೆ ಬಿಗಿಯದೇ ಹೇಗೆ ಕೆಲಸ ಮಾಡಬೇಕು ಎಂದು ಒಬ್ಬೊಬ್ಬರಿಗೇ ಪಾಠ. ಅದಕ್ಕೆ ಅಲೆಕ್ಸಾಂಡರ್ ವಿಧಾನ ಎಂದು ಹೆಸರು. ಮೂರನೆಯ ಗುಂಪಿಗೆ ಮಾಮೂಲಿ ಚಿಕಿತ್ಸೆ ಮಾತ್ರ. ವರ್ಷ ಕಳೆದು ನೂರು ಅಂಕದ ಅಳತೆಯಲ್ಲಿ ನೋಡಿದರೆ, ಮಾಮೂಲಿ ಚಿಕಿತ್ಸೆಯವರಿಗಿಂತ ಸೂಜಿಯವರಿಗೆ ಸುಮಾರು 4 ಅಂಕ ಹೆಚ್ಚು ಗುಣ. ಪಾಠ ಕಲಿತವರಿಗೂ ಸುಮಾರು 4 ಅಂಕವೇ.

ಇದರ ಅರ್ಥ ನೋಡಿ. ಕುತ್ತಿಗೆಗೆ ಸೂಜಿಯಿಂದ ಆದ ಲಾಭ ಇದ್ದದ್ದು ಹೌದು, ಆದರೆ ಪವಾಡವೇನೂ ಅಲ್ಲ. ಅಷ್ಟೇ ಲಾಭ ಮೈಯನ್ನು ಬಳಸುವ ರೀತಿ ಕಲಿತರೂ ಸಿಕ್ಕಿತು. ಡ್ರೈ ನೀಡ್ಲಿಂಗ್, ಅಕ್ಯುಪಂಕ್ಚರ್, ಕರೆಂಟಿನ ಸೂಜಿ, ಇವುಗಳಲ್ಲಿ ಒಂದು ಇನ್ನೊಂದಕ್ಕಿಂತ ಬಹಳ ಮೇಲು ಎನ್ನುವ ಗಟ್ಟಿ ಪುರಾವೆಯೂ ಇಲ್ಲ. ಎಲ್ಲವೂ ಕೆಲವು ದಿನ, ಕೆಲವು ವಾರ ನೋವು ತಗ್ಗಿಸಬಲ್ಲವು. ಆ ಬಿಡುವಿನಲ್ಲಿ ನೀವು ಕುತ್ತಿಗೆ ಹೆಗಲನ್ನು ಗಟ್ಟಿ ಮಾಡಿಕೊಂಡರೆ ಉಳಿಯುತ್ತದೆ. ಮಾರನೇ ದಿನ ಅದೇ ಬುಟ್ಟಿ, ಅದೇ ಹೊರೆ, ಅದೇ ಬಗ್ಗುವುದು ಆದರೆ ನೋವು ಹೋದ ದಾರಿಯಲ್ಲೇ ವಾಪಸ್ ಬರುತ್ತದೆ.

ಎರಡು ನಿಮಿಷದ ಔಷಧಿ

ನಮಗೆ ಹೆಚ್ಚು ಖುಷಿ ಕೊಟ್ಟದ್ದು ಡೆನ್ಮಾರ್ಕಿನ ಒಂದು ಪ್ರಯೋಗ. 2011ರಲ್ಲಿ ಪ್ರಕಟವಾಗಿದೆ. ಕುತ್ತಿಗೆ ಹೆಗಲು ನೋಯುವ 198 ಜನ ಕಚೇರಿ ಕೆಲಸದವರು. ಕೆಲವರಿಗೆ ದಿನಕ್ಕೆ ಹನ್ನೆರಡು ನಿಮಿಷ, ಕೆಲವರಿಗೆ ಬರೀ ಎರಡು ನಿಮಿಷ, ರಬ್ಬರಿನ ಹಗ್ಗ ಎಳೆದು ತೋಳನ್ನು ಪಕ್ಕಕ್ಕೆ ಎತ್ತುವ ವ್ಯಾಯಾಮ. ವಾರಕ್ಕೆ ಐದು ದಿನ. ಹತ್ತು ವಾರ ಕಳೆದಾಗ ಎರಡು ನಿಮಿಷದವರಿಗೂ ನೋವು ಇಳಿದಿತ್ತು. ಅದಕ್ಕೂ ಮೊದಲು, 2003ರಲ್ಲಿ, ಫಿನ್‌ಲೆಂಡಿನಲ್ಲಿ ಕುತ್ತಿಗೆನೋವಿನ 180 ಮಹಿಳೆಯರ ಮೇಲೆ ವರ್ಷವಿಡೀ ನಡೆದ ಪ್ರಯೋಗದಲ್ಲೂ ಕುತ್ತಿಗೆಯ ಬಲ ಹೆಚ್ಚಿಸುವ ವ್ಯಾಯಾಮದಿಂದ ನೋವು ಚೆನ್ನಾಗಿ ತಗ್ಗಿತ್ತು.

"ನಾವು ದಿನಾ ಗಾಣದೆತ್ತಿನ ಹಾಗೆ ದುಡೀತೇವೆ, ಮತ್ತೆ ವ್ಯಾಯಾಮ ಎಂತಕೆ?" ಎಂದು ನಮ್ಮ ಅಮ್ಮಂದಿರೇ ಕೇಳುತ್ತಾರೆ. ನ್ಯಾಯದ ಪ್ರಶ್ನೆ. ಆ ಪ್ರಯೋಗಗಳಲ್ಲಿ ಇದ್ದವರು ಕುರ್ಚಿಯಲ್ಲಿ ಕೂತು ದುಡಿಯುವವರು, ತಲೆಹೊರೆಯವರಲ್ಲ ಎಂಬುದೂ ನಿಜ. ಆದರೆ ದುಡಿಮೆ ಒಂದೇ ಸ್ನಾಯುವನ್ನು ಒಂದೇ ರೀತಿ ಗಂಟೆಗಟ್ಟಲೆ ಬಿಗಿಯುತ್ತದೆ. ವ್ಯಾಯಾಮ ಅದನ್ನು ಬಿಗಿದು, ಸಡಿಲಿಸಿ, ಮತ್ತೆ ಬಿಗಿಯುತ್ತದೆ. ಎರಡೂ ಒಂದೇ ಅಲ್ಲ.

ಅರ್ಧ ಲೀಟರ್ ನೀರಿನ ಬಾಟಲಿ ಎರಡು ಇದ್ದರೆ ಸಾಕು. ನೇರ ನಿಂತು ಎರಡೂ ಕೈಗಳನ್ನು ಪಕ್ಕಕ್ಕೆ ಹೆಗಲಿನ ಮಟ್ಟದವರೆಗೆ ನಿಧಾನ ಎತ್ತಿ ಇಳಿಸಿ. ಎರಡೂ ಹೆಗಲಿನ ಹಿಂದಿನ ಎಲುಬುಗಳು ಹತ್ತಿರ ಬರುವಂತೆ ಎದೆ ಹಿಗ್ಗಿಸಿ, ಐದು ಎಣಿಸಿ ಬಿಡಿ. ಗದ್ದವನ್ನು ಹಿಂದಕ್ಕೆ ಒತ್ತಿ, ಗೋಡೆಗೆ ತಲೆ ತಾಗಿಸುವಂತೆ ಮಾಡಿ. ನೋವು ಚುರ್ ಎಂದು ಹೆಚ್ಚಾದರೆ ಅಥವಾ ಕೈ ಜುಮ್ ಎಂದರೆ ನಿಲ್ಲಿಸಿ. ಅಡಿಕೆ ಸುಲಿಯುವವರು ಒಂದು ಬುಟ್ಟಿ ಮುಗಿದಾಗ ಒಮ್ಮೆ ಎದ್ದು ಹೆಗಲು ತಿರುಗಿಸಿ. ಮೀನು ಹೊರುವವರು ಸಿಂಬಿ ದಪ್ಪ ಮಾಡಿಕೊಳ್ಳುವುದಕ್ಕಿಂತ, ಸಾಧ್ಯವಾದ ಕಡೆ ಒಂದು ಭಾರದ ಬದಲು ಎರಡು ಅರ್ಧ ಭಾರ ಹೊರಿ. ಬಿಸಿನೀರಿನ ಶಾಖ ನೋವಿಗೆ ಹಿತ, ಅದಕ್ಕೆ ಯಾರೂ ದುಡ್ಡು ಕೇಳುವುದಿಲ್ಲ.

ಸೂಜಿ ಹಿಡಿದ ಕೈ ಯಾರದು

ಅಕ್ಯುಪಂಕ್ಚರ್ ನಮ್ಮ ದೇಶಕ್ಕೆ ಬಂದ ಕಥೆ ಸೊಗಸಾಗಿದೆ. 1938ರಲ್ಲಿ ಚೀನಾಕ್ಕೆ ಹೋದ ಭಾರತದ ಐವರು ವೈದ್ಯರ ತಂಡದಲ್ಲಿ ಸೊಲ್ಲಾಪುರದ ಡಾ. ಕೋಟ್ನಿಸ್ ಇದ್ದರು. ಅವರು ಅಲ್ಲೇ ತೀರಿಕೊಂಡರು. ಅದೇ ತಂಡದಲ್ಲಿದ್ದ ಕೋಲ್ಕತ್ತದ ಡಾ. ಬಿ.ಕೆ. ಬಸು ಮುಂದೆ ಈ ವಿದ್ಯೆ ಕಲಿತು 1959ರಲ್ಲಿ ಕೋಲ್ಕತ್ತದಲ್ಲಿ ಶುರು ಮಾಡಿದರು. ಪಶ್ಚಿಮ ಬಂಗಾಳ 1996ರಲ್ಲಿ ಇದಕ್ಕೆ ಕಾನೂನನ್ನೇ ಮಾಡಿತು. ನೋಂದಾಯಿತ ವೈದ್ಯರು ಇಲ್ಲವೇ ಸರಿಯಾಗಿ ತರಬೇತಾದವರು ಇದನ್ನು ಮಾಡಬಹುದು ಎಂದು ಕೇಂದ್ರ ಸರ್ಕಾರ 2003ರಲ್ಲಿ ಹೇಳಿತು. 2019ರ ಫೆಬ್ರುವರಿಯಲ್ಲಿ ಇದನ್ನು ಸ್ವತಂತ್ರ ಚಿಕಿತ್ಸಾ ಪದ್ಧತಿಯಾಗಿ ಮಾನ್ಯ ಮಾಡಿತು.

ಮಾನ್ಯತೆ ಸಿಕ್ಕಿದ್ದು ಪದ್ಧತಿಗೆ. ಸೂಜಿ ಹಿಡಿದವರಿಗೆಲ್ಲ ಅಲ್ಲ. ಉಜಿರೆಯಲ್ಲಿ 1989ರಿಂದ ಇರುವ ಎಸ್‌ಡಿಎಂ ಪ್ರಕೃತಿ ಚಿಕಿತ್ಸಾ ಕಾಲೇಜಿನಂಥ ಕಡೆ ಐದೂವರೆ ವರ್ಷ ಬಿಎನ್‌ವೈಎಸ್ ಓದಿದವರು ಅಕ್ಯುಪಂಕ್ಚರನ್ನೂ ಕಲಿತಿರುತ್ತಾರೆ. ಫಿಸಿಯೋಥೆರಪಿ ಪದವಿಗೂ ವರ್ಷಗಟ್ಟಲೆ ಓದಬೇಕು. ಇವರಿಗೂ, ನಾಲ್ಕು ದಿನದ ಕೋರ್ಸ್ ಮುಗಿಸಿ ಫ್ರೇಮ್ ಹಾಕಿದ ಸರ್ಟಿಫಿಕೇಟ್ ತೂಗಿಸಿದವರಿಗೂ ವ್ಯತ್ಯಾಸ ಇದೆ. ಕೇಳಲು ನಾಚಿಕೆ ಬೇಡ. ದನಕ್ಕೆ ಇಂಜೆಕ್ಷನ್ ಕೊಡಿಸುವಾಗಲೂ ನಾವು ಡಾಕ್ಟರೋ ಕಾಂಪೌಂಡರೋ ಎಂದು ಕೇಳುತ್ತೇವೆ.

ಕೇಳಬೇಕಾದ್ದು ಯಾಕೆಂದರೆ, ಹೆಗಲಿನ ಮೇಲ್ಭಾಗ ಚುಚ್ಚಲು ಸುಲಭವಾದ ಜಾಗ ಅಲ್ಲ. ಅದರ ಕೆಳಗೇ ಶ್ವಾಸಕೋಶದ ತುದಿ ಇದೆ. ಸೂಜಿ ಆಳಕ್ಕೆ ಹೋದರೆ ಶ್ವಾಸಕೋಶಕ್ಕೆ ತೂತಾಗಿ ಗಾಳಿ ಸೋರುತ್ತದೆ. ಅಪರೂಪ, ಆದರೆ ಆಗುತ್ತದೆ. ಅಮೆರಿಕದ ಸ್ಕೀಯಿಂಗ್ ಆಟಗಾರ ಟೋರಿನ್ ಯೇಟರ್ ವಾಲೇಸ್ ಅವರಿಗೆ 2013ರಲ್ಲಿ ಡ್ರೈ ನೀಡ್ಲಿಂಗ್ ಮಾಡುವಾಗ ಹೀಗೇ ಆಗಿತ್ತು. ಸೂಜಿ ಹಾಕಿಸಿಕೊಂಡ ದಿನವೋ ಮಾರನೇ ದಿನವೋ ಎದೆ ನೋವು, ಉಸಿರು ಕಟ್ಟಿದ ಹಾಗೆ ಆದರೆ ಕಾಯಬೇಡಿ. ಆಸ್ಪತ್ರೆಗೆ ಹೋಗಿ, ಸೂಜಿ ಹಾಕಿಸಿದ್ದನ್ನು ಮುಚ್ಚಿಡದೇ ಹೇಳಿ.

ಇನ್ನೊಂದು, ಸೂಜಿ ಹೊಸದಿರಬೇಕು. ಮುಚ್ಚಿದ ಪ್ಯಾಕೆಟ್ಟನ್ನು ನಿಮ್ಮ ಕಣ್ಣೆದುರೇ ಒಡೆಯಬೇಕು. ಬಳಸಿದ ಸೂಜಿ ಚುಚ್ಚಿಕೊಳ್ಳದಂಥ ಗಟ್ಟಿ ಡಬ್ಬಿಗೆ ಹೋಗಬೇಕು. ಸ್ಪಿರಿಟ್‌ನಲ್ಲಿ ಒರೆಸಿ ಇನ್ನೊಬ್ಬರಿಗೆ ಹಾಕಿದರೆ ಹೆಪಟೈಟಿಸ್ ಬಿ, ಎಚ್‌ಐವಿ ಬರುವ ಅಪಾಯ ಇದೆ. ಗರ್ಭಿಣಿಯಾಗಿದ್ದರೆ, ಸಕ್ಕರೆ ಕಾಯಿಲೆ ಇದ್ದರೆ, ರಕ್ತ ತೆಳುವಾಗುವ ಮಾತ್ರೆ ತಿನ್ನುತ್ತಿದ್ದರೆ ಮೊದಲೇ ಹೇಳಿ.

ನಮ್ಮಲ್ಲೇ ಒಬ್ಬರ ಮನೆಯಲ್ಲಿ ಆದದ್ದು ಹೇಳುತ್ತೇವೆ. ದೊಡ್ಡಮ್ಮನನ್ನು ಒಂದು ಶಿಬಿರಕ್ಕೆ ಕರೆದುಕೊಂಡು ಹೋಗಿದ್ದೆವು. ಸಾಲಾಗಿ ಮಲಗಿಸಿ ಚುಚ್ಚುತ್ತಿದ್ದರು. ಸಕ್ಕರೆ ಕಾಯಿಲೆ ಇದೆಯಾ ಎಂದು ಯಾರೂ ಕೇಳಲಿಲ್ಲ. ಪ್ಯಾಕೆಟ್ ಎಲ್ಲಿ ಎಂದು ನಾವೂ ಕೇಳಲಿಲ್ಲ. ಅವರಿಗೆ ಏನೂ ಕೆಟ್ಟದ್ದಾಗಲಿಲ್ಲ, ನೋವೂ ಹೋಗಲಿಲ್ಲ. ಪತ್ರಿಕೋದ್ಯಮ ಓದಿದ ನಾವೇ ಅಲ್ಲಿ ಬಾಯಿ ಬಿಡಲಿಲ್ಲವಲ್ಲ ಎಂಬುದು ಇವತ್ತಿಗೂ ಚುಚ್ಚುತ್ತದೆ.

ಸೂಜಿಗೆ ಹೋಗಲೇಬಾರದ ನೋವುಗಳು

ಎಲ್ಲ ಹೆಗಲುನೋವೂ ಸ್ನಾಯುವಿನದಲ್ಲ. ಎಡ ಹೆಗಲು, ದವಡೆ, ಎದೆ ಒಟ್ಟಿಗೆ ನೋಯುತ್ತಾ ಬೆವರು ಬಂದರೆ ಅದು ಹೃದಯದ್ದಿರಬಹುದು. ತಡ ಮಾಡದೇ ತಾಲ್ಲೂಕು ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ. ಕೈಯ ಹಿಡಿತ ತಪ್ಪುವುದು, ಬೆರಳು ಮರಗಟ್ಟುವುದು, ನಡಿಗೆ ಓಲಾಡುವುದು ಇದ್ದರೆ ನರದ ತೊಂದರೆ. ಮರದಿಂದ, ಬೈಕಿನಿಂದ ಬಿದ್ದ ಮೇಲೆ ಬಂದ ಕುತ್ತಿಗೆನೋವಿಗೆ ಮೊದಲು ಎಕ್ಸ್‌ರೇ. ಸಕ್ಕರೆ ಕಾಯಿಲೆಯವರಿಗೆ ತೋಳು ಮೇಲೆತ್ತಲಾಗದೆ ಭುಜ ಹೆಪ್ಪುಗಟ್ಟಿದ ಹಾಗಾಗುವುದು ಬೇರೆಯೇ ಕಾಯಿಲೆ. ಜ್ವರದ ಜೊತೆ ಮೈಕೈ, ಕುತ್ತಿಗೆ ನೋವಿದ್ದರೆ ನಮ್ಮ ಕಡೆ ಇನ್ನೂ ಎಚ್ಚರ ಬೇಕು. ಘಟ್ಟದ ಬುಡದ ಊರುಗಳಲ್ಲಿ ಅದು ಮಂಗನ ಕಾಯಿಲೆ ಆಗಿರಬಹುದು, ಮಳೆಗಾಲದಲ್ಲಿ ಇಲಿಜ್ವರ ಆಗಿರಬಹುದು.

ನಾವು ಕೇಳಬೇಕಾದ್ದು

2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಗೇಟ್‌ನಲ್ಲಿ ಉರುಳಿದ್ದು ಯಾರಿಗೂ ಮರೆತಿಲ್ಲ. ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕೆಂಬ ಕೂಗು ಆಗ ಇನ್ನಷ್ಟು ಜೋರಾಯಿತು. ಆ ಕೂಗು ನಿಲ್ಲಬಾರದು. ಅದರ ಜೊತೆಗೆ ನಮ್ಮದೊಂದು ಸಣ್ಣ ಬೇಡಿಕೆ. ಹೊರೆ ಹೊರುವವರು, ಬಲೆ ಎಳೆಯುವವರು ಇಷ್ಟು ಜನ ಇರುವ ಮಂಕಿಯಂಥ ಊರಿನ ಸರ್ಕಾರಿ ಆಸ್ಪತ್ರೆಗೆ ವಾರಕ್ಕೆ ಎರಡು ದಿನವಾದರೂ ಒಬ್ಬ ಫಿಸಿಯೋಥೆರಪಿಸ್ಟ್ ಬರುವಂತಾಗಬೇಕು. ಅದಕ್ಕೆ ದೊಡ್ಡ ಯಂತ್ರ ಬೇಡ, ಕಟ್ಟಡ ಬೇಡ. ಒಂದು ಮಂಚ, ಒಂದು ಚಾಪೆ, ಕಲಿಸುವ ಒಬ್ಬರು. ಸೂಜಿ ಬೇಕೋ ಬೇಡವೋ ಎಂದು ಮಾರುವವರಲ್ಲದ ಒಬ್ಬರು ನೋಡಿ ಹೇಳಿದರೆ ಸಾಲ ಮಾಡುವ ಮೊದಲು ಜನ ಯೋಚಿಸುತ್ತಾರೆ. ಅಲ್ಲಿಯವರೆಗೆ ನಾವು ಮೆಡಿಕಲ್‌ ಶಾಪಿನಿಂದ ನೋವಿನ ಮಾತ್ರೆ ತಂದು ತಿಂಗಳುಗಟ್ಟಲೆ ನುಂಗುತ್ತೇವೆ. ಅದು ಹೊಟ್ಟೆಗೆ ಹುಣ್ಣು, ಕಿಡ್ನಿಗೆ ಕೇಡು.

ಬಸ್ಸಿಗೆ ಕಾಯುತ್ತಿದ್ದ ಅಕ್ಕನಿಗೆ ನಾವು ಹೇಳಿದ್ದು ಇಷ್ಟು. ಮೊದಲು ಸರ್ಕಾರಿ ಡಾಕ್ಟರಿಗೆ ತೋರಿಸಿ, ಬೇರೆ ಕಾಯಿಲೆ ಅಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ಸೂಜಿ ಹಾಕಿಸುವ ಮನಸ್ಸಿದ್ದರೆ ಓದಿದವರ ಹತ್ತಿರ ಹೋಗಿ. ಹತ್ತು ಸಲದ ದುಡ್ಡು ಮುಂಗಡ ಕೊಡಬೇಡಿ. ಮೂರ್ನಾಲ್ಕು ಸಲದಲ್ಲಿ ಏನೂ ಗುಣ ಕಾಣದಿದ್ದರೆ ಮುಂದುವರಿಸಬೇಕೇ ಎಂದು ಕೇಳಿ. ಮನೆಯಲ್ಲಿ ಏನು ಮಾಡಬೇಕು ಎಂದು ಕಲಿಸದವರ ಹತ್ತಿರ ಎರಡನೇ ಸಲ ಹೋಗಬೇಡಿ. ಸಂಘದ ಸಾಲ ಅಂತೂ ಈಗಲೇ ತೆಗೆಯಬೇಡಿ.

ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದರು. ಮತ್ತೆ ಬುಟ್ಟಿಯಲ್ಲಿದ್ದ ಒಂದು ನೀರಿನ ಬಾಟಲಿ ಎತ್ತಿ ಹಿಡಿದು, "ಇದ್ನಾ ಎತ್ತೂದು? ಹಿಂಗಾ?" ಎಂದರು. ಹೌದು ಎಂದೆವು. ಬಸ್ ಬರುವಷ್ಟರಲ್ಲಿ ಹತ್ತು ಸಲ ಎತ್ತಿದ್ದರು. ಬುಟ್ಟಿ ತಲೆಗೇರಿಸಲು ಈ ಸಲ ನಾವು ಕೈ ಕೊಡಲಿಲ್ಲ. ಹಿಡಿದು, ನೇರ ಬಸ್ಸಿನೊಳಗೆ ಇಟ್ಟೆವು.